ಮೂರು ಸಾಲಿನಲ್ಲಿ ಸಿಕ್ಕಿಬಿದ್ದ ಕಂತು

2023ರ ಫೆಬ್ರವರಿ 27. ಪುಣೆಯ ವಾರ್ಜೆಯಲ್ಲಿರುವ ನಮ್ಮ ಮನೆಯಲ್ಲಿ ಕಾಕಾ ಟೀವಿ ಮುಂದೆ ಕೂತಿದ್ದರು. ಬೆಳಗಾವಿಯಲ್ಲಿ ಪ್ರಧಾನಿಯವರ ಸಭೆ. ರೈತರ ಖಾತೆಗೆ ಕೇಂದ್ರ ಸರ್ಕಾರ ನೇರವಾಗಿ ಹಣ ಹಾಕುವ ಪಿಎಂ-ಕಿಸಾನ್ ಯೋಜನೆಯ 13ನೇ ಕಂತು ಅಲ್ಲಿಂದ ಬಿಡುಗಡೆ ಆಗುತ್ತಿತ್ತು. 8 ಕೋಟಿಗೂ ಹೆಚ್ಚು ರೈತರಿಗೆ 16,000 ಕೋಟಿ ರೂಪಾಯಿ. ಕಾಕಾ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಸಭೆ ಮುಗಿಯಿತು. ಚಹಾ ಆಯಿತು. ರಾತ್ರಿ ಊಟವೂ ಆಯಿತು. ಮೆಸೇಜ್ ಬರಲಿಲ್ಲ.

“ಹ್ವಾದ ಸಲಾನೂ ಬರ್ಲಿಲ್ಲ ನೋಡವಾ,” ಅಂದರು.

ಹೋದ ಸಲ ಅಂದರೆ 2022ರ ಅಕ್ಟೋಬರ್, 12ನೇ ಕಂತು. ಎಲ್ಲೋ ತಡ ಆಗಿರಬೇಕು ಅಂತ ಅವರು ಸುಮ್ಮನಿದ್ದರು. ನನಗೆ ಹೇಳಿರಲೂ ಇಲ್ಲ. ಈಗ ಕಣ್ಣಿನ ಪೊರೆಯ ಆಪರೇಶನ್‌ಗೆ ಅಂತ ಪುಣೆಗೆ ಬಂದಿದ್ದರಿಂದ ನನಗೆ ಗೊತ್ತಾಯಿತು. ಆ ರಾತ್ರಿ ಲ್ಯಾಪ್‌ಟಾಪ್ ತೆಗೆದು ಕೂತೆ. ಒಂದು ದಿನದ ಕೆಲಸ ಅಂದುಕೊಂಡಿದ್ದೆ. ಅದು ಒಂದು ವರ್ಷ ತೆಗೆದುಕೊಂಡಿತು. ಆ ವರ್ಷದ ಕಥೆಯನ್ನು ಒಂದು ಪ್ರಕರಣ ಅಂತ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ಯಾಕೆಂದರೆ ಕಾಕಾ ಒಬ್ಬರೇ ಅಲ್ಲ. 2022ರ ಮೇ 31ರಂದು ಬಿಡುಗಡೆಯಾದ 11ನೇ ಕಂತು 10 ಕೋಟಿಗೂ ಹೆಚ್ಚು ರೈತರಿಗೆ ಹೋಗಿತ್ತು. ಮುಂದಿನ ಕಂತಿಗೆ ಆ ಸಂಖ್ಯೆ 8 ಕೋಟಿ ಚಿಲ್ಲರೆಗೆ ಇಳಿಯಿತು.

ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. ಹಿಂಜವಡಿಯ ಒಂದು ಕಂಪನಿಯಲ್ಲಿ ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಪ್ರೋಗ್ರಾಮ್ ಎಲ್ಲಿ ಎಡವುತ್ತದೆ, ಎಡವಿದಾಗ ಬಳಸುವವರಿಗೆ ಏನು ಹೇಳುತ್ತದೆ ಅಂತ ನೋಡುವುದು ನನ್ನ ದಿನದ ಅನ್ನ. ಹಾಗಾಗಿ ಈ ಪ್ರಕರಣವನ್ನು ತಮ್ಮನ ಮಗಳಂತೆಯೂ ನೋಡಿದ್ದೇನೆ, ಟೆಸ್ಟರ್‌ನಂತೆಯೂ ನೋಡಿದ್ದೇನೆ. ಅಲ್ಲ, ಅಣ್ಣನ ಮಗಳು ಅನ್ನಬೇಕು. ನಮ್ಮ ಅಪ್ಪ ದೊಡ್ಡವರು, ಕಾಕಾ ಚಿಕ್ಕವರು.

ಕಾಕಾನ ಹೊಲ ಇರುವುದು ಸೊಲ್ಲಾಪುರ ಜಿಲ್ಲೆಯ ಗಡಿ ತಾಲೂಕಿನಲ್ಲಿ. ಮನೆಮಾತು ಕನ್ನಡ, ಕಾಗದಪತ್ರ ಮರಾಠಿ. ಸಾತಬಾರಾದಲ್ಲಿ, ಅಂದರೆ ಮಹಾರಾಷ್ಟ್ರದ ಪಹಣಿಯಲ್ಲಿ, 1 ಹೆಕ್ಟೇರ್ 40 ಆರ್, ಅಂದರೆ ಮೂರೂವರೆ ಎಕರೆ ಹತ್ತಿರ. ಮುಂಗಾರಿಗೆ ತೊಗರಿ, ಹಿಂಗಾರಿಗೆ ಬಿಳಿಜೋಳ. ಪಿಎಂ-ಕಿಸಾನ್‌ನಿಂದ ವರ್ಷಕ್ಕೆ 6,000 ರೂಪಾಯಿ, ಮೂರು ಕಂತು, ಒಂದೊಂದು 2,000. ನಗರದಲ್ಲಿ ಕೂತವರಿಗೆ ಇದು ಒಂದು ರಾತ್ರಿ ಹೊರಗೆ ಊಟ ಮಾಡಿದಷ್ಟು ಹಣ. ಕಾಕಾನಿಗೆ ಇದರ ಲೆಕ್ಕ ಬೇರೆ. ಡಿಎಪಿ ಒಂದು ಚೀಲ 1,350. ಯೂರಿಯಾ ಎರಡು ಚೀಲ 533. ಉಳಿದ ನೂರು ಚಿಲ್ಲರೆ ಟೆಂಪೋ ಬಾಡಿಗೆಗೆ. ಒಂದು ಕಂತು ಅಂದರೆ ಒಂದು ಬಿತ್ತನೆಯ ಗೊಬ್ಬರ. ಕಂತು ಬರದಿದ್ದರೆ ಅಂಗಡಿಯಲ್ಲಿ ಉದ್ರಿ.

ಪರದೆಯ ಮೇಲಿನ ಮೂರು ಸಾಲು

ಯೋಜನೆಯ ಪೋರ್ಟಲ್‌ನಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ರೈತನ ಸ್ಥಿತಿ ಕಾಣುತ್ತದೆ. ಅದರಲ್ಲಿ ಮುಖ್ಯವಾದವು ಮೂರು ಸಾಲು. ಜಮೀನಿನ ದಾಖಲೆ ಜೋಡಣೆ ಆಗಿದೆಯೇ? ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತಿನ ಪರಿಶೀಲನೆ, ಆಗಿದೆಯೇ? ಬ್ಯಾಂಕ್ ಖಾತೆ ಆಧಾರ್‌ಗೆ ಜೋಡಣೆ ಆಗಿದೆಯೇ? ಒಂದೊಂದರ ಮುಂದೆ ಹೌದು ಅಥವಾ ಇಲ್ಲ.

ಕಾಕಾನದು: ಇಲ್ಲ, ಇಲ್ಲ, ಹೌದು.

ಅಷ್ಟೇ. ಯಾಕೆ ಇಲ್ಲ ಅನ್ನುವುದಿಲ್ಲ. ಯಾರ ಹತ್ತಿರ ಹೋಗಬೇಕು ಅನ್ನುವುದಿಲ್ಲ. ನನ್ನ ಕೆಲಸದಲ್ಲಿ ಯಾರಾದರೂ ಇಂಥ ಪರದೆ ಮಾಡಿ ಕೊಟ್ಟರೆ ಅದನ್ನು ನಾನು ಅವತ್ತೇ ವಾಪಸ್ ಕಳಿಸುತ್ತೇನೆ. “ಇಲ್ಲ” ಅನ್ನುವುದು ಯಂತ್ರಕ್ಕೆ ಸಾಕು, ಮನುಷ್ಯನಿಗೆ ಸಾಲದು. ಇಡೀ ಪ್ರಕರಣದಲ್ಲಿ ನನಗೆ ಹೇಳಬೇಕಾದ ಮಾತು ಇದೊಂದೇ. ಉಳಿದದ್ದೆಲ್ಲ ಈ ಮಾತಿಗೆ ಸಾಕ್ಷಿ.

ಆದರೆ ಪರಿಶೀಲನೆಯೇ ತಪ್ಪು ಅಂತ ನಾನು ಹೇಳುವುದಿಲ್ಲ. ಯೋಜನೆ ಹೇಗೆ ಶುರುವಾಯಿತು ಅಂತ ಸ್ವಲ್ಪ ನೆನೆಸಿಕೊಳ್ಳಿ. 2019ರ ಫೆಬ್ರವರಿ 1ರಂದು ಮಧ್ಯಂತರ ಬಜೆಟ್‌ನಲ್ಲಿ ಘೋಷಣೆ. ಫೆಬ್ರವರಿ 24ರಂದು ಗೋರಖಪುರದಲ್ಲಿ ಮೊದಲ ಕಂತು, ಒಂದು ಕೋಟಿಗೂ ಹೆಚ್ಚು ರೈತರಿಗೆ. ನಡುವೆ ಇದ್ದದ್ದು 23 ದಿನ! ಆ 23 ದಿನದಲ್ಲಿ ಊರೂರಿನ ಕಚೇರಿಗಳಲ್ಲಿ ಹಗಲು ರಾತ್ರಿ ಹೆಸರು, ಹೊಲದ ನಂಬರ್ (ನಮ್ಮ ಕಡೆ ಗಟ್ ನಂಬರ್), ಖಾತೆ ನಂಬರ್ ಟೈಪ್ ಮಾಡಿದರು. ಅದೇ ವರ್ಷ ಜೂನ್‌ನಲ್ಲಿ ಎರಡು ಹೆಕ್ಟೇರ್ ಮಿತಿ ತೆಗೆದು ಜಮೀನಿದ್ದ ಎಲ್ಲ ರೈತರಿಗೂ ವಿಸ್ತರಿಸಿದರು. ಆದಾಯ ತೆರಿಗೆ ಕಟ್ಟುವವರು, ತಿಂಗಳಿಗೆ 10,000 ಅಥವಾ ಅದಕ್ಕಿಂತ ಜಾಸ್ತಿ ಪಿಂಚಣಿ ಬರುವವರು, ಡಾಕ್ಟರು, ವಕೀಲರು ಹೊರಗೆ ಅನ್ನುವ ನಿಯಮವೇನೋ ಇತ್ತು. ಆದರೆ ಅಂಥವರ ಖಾತೆಗೂ ಹಣ ಹೋಯಿತು. ಆಮೇಲೆ ವಸೂಲಿ ನೋಟಿಸ್ ಕೊಡಬೇಕಾಯಿತು. ಹಾಗಾಗಿ ಪಟ್ಟಿಯನ್ನು ಜರಡಿ ಹಿಡಿಯಲೇಬೇಕಿತ್ತು. ಜರಡಿಯ ಕಣ್ಣು ಎಷ್ಟು ಸಣ್ಣದಿರಬೇಕು, ಕಾಳು ಕೆಳಗೆ ಬಿದ್ದರೆ ಆರಿಸುವವರು ಯಾರು ಅನ್ನುವುದು ಬೇರೆ ಪ್ರಶ್ನೆ ಅಲ್ವಾ?

ಬೆರಳು, ನಂಬರು, ಕಣ್ಣು

ಮೊದಲು ಇ-ಕೆವೈಸಿ ಹಿಡಿದೆವು. ಅದು ಸುಲಭ ಅಂತ ಅನಿಸಿತ್ತು.

ಒಟಿಪಿ ದಾರಿ ಇದೆ. ಆದರೆ ಕಾಕಾನ ಆಧಾರ್‌ಗೆ ಇದ್ದದ್ದು ಎಂದೋ ಬಿಟ್ಟುಹೋದ ಸಿಮ್ಮಿನ ನಂಬರು. ಆ ನಂಬರು ಈಗ ಯಾರದೋ. ಬೆರಳಚ್ಚಿನ ದಾರಿ ಇದೆ. ಮನೆ ಹತ್ತಿರದ ಸೇವಾ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಹುಡುಗ ಒಂದೊಂದೇ ಬೆರಳು ಒತ್ತಿಸಿದ. ಹತ್ತೂ ಬೆರಳು ಆಯಿತು. ಒರೆಸಿ ಒತ್ತಿಸಿದ. ಕೊಬ್ಬರಿ ಎಣ್ಣೆ ಹಚ್ಚಿ ಒತ್ತಿಸಿದ. ಐವತ್ತು ವರ್ಷ ಕುಂಟೆ, ಕುರುಪಿ ಹಿಡಿದ ಬೆರಳು. ಗೆರೆಗಳು ಸವೆದು ಹೋಗಿವೆ. ಯಂತ್ರ ಒಪ್ಪಲಿಲ್ಲ. ಕಾಕಾ ತಮ್ಮ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. ಏನೂ ಮಾತಾಡಲಿಲ್ಲ. ನನಗೆ ಅದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆಧಾರ್ ಕೇಂದ್ರದಲ್ಲಿ ಹೊಸ ಮೊಬೈಲ್ ನಂಬರು ಹಾಕಿಸಲು ಅರ್ಜಿ ಕೊಟ್ಟೆವು. ಅಲ್ಲೂ ಬೆರಳು ಬೇಕು, ಇಲ್ಲವೇ ಕಣ್ಣು. ಕಣ್ಣಿಗೆ ಆಪರೇಶನ್ ಆಗಿತ್ತು, ಮೇಲೆ ಕಪ್ಪು ಕನ್ನಡಕ. ಡಾಕ್ಟರು ತೆಗೆಯಬೇಡಿ ಅಂದಿದ್ದರು. ಕಾಯ್ದೆವು.

ಜೂನ್‌ನಲ್ಲಿ ಒಂದು ಒಳ್ಳೆಯ ಬದಲಾವಣೆ ಬಂತು. ಯೋಜನೆಯ ಮೊಬೈಲ್ ಆ್ಯಪ್‌ನಲ್ಲಿ ಮುಖ ತೋರಿಸಿ ಇ-ಕೆವೈಸಿ ಮಾಡುವ ಸೌಲಭ್ಯ ಸೇರಿಸಿದರು. ಒಟಿಪಿ ಬೇಡ, ಬೆರಳು ಬೇಡ. ಬೆರಳು ಸವೆದವರು ಇದ್ದಾರೆ, ನಂಬರು ಕಳೆದವರು ಇದ್ದಾರೆ ಅಂತ ಯಾರೋ ಯೋಚಿಸಿ ಮಾಡಿದ ಕೆಲಸ ಇದು. ಅವರಿಗೆ ನನ್ನ ನಮಸ್ಕಾರ. ಅಷ್ಟರಲ್ಲಿ ಕಾಕಾನ ಕಪ್ಪು ಕನ್ನಡಕವೂ ಹೋಗಿತ್ತು. ಒಂದು ಭಾನುವಾರ ಬೆಳಿಗ್ಗೆ ಗ್ಯಾಲರಿಯಲ್ಲಿ ಬೆಳಕಿಗೆ ಮುಖ ಮಾಡಿ ಕೂರಿಸಿದೆ.

“ಕಣ್ಣ ಪಿಳುಕಸ್ರಿ ಕಾಕಾ.”

“ಎಷ್ಟ ಸಲ?”

“ಸಾಕಂತ ಹೇಳೂತನಾ.”

ನಾಲ್ಕನೇ ಸಲಕ್ಕೆ ಹಸಿರು ಗುರುತು ಬಂತು. ಎರಡನೇ ಸಾಲು “ಹೌದು” ಆಯಿತು. ಕಾಕಾ ಎರಡು ಕೈ ಜೋಡಿಸಿ ಫೋನಿಗೇ ನಮಸ್ಕಾರ ಮಾಡಿದರು. ಆದರೆ ಜುಲೈ 27ರ 14ನೇ ಕಂತು ಬರಲಿಲ್ಲ. ಮಿರಗದ ಮಳೆ ಬಿದ್ದು ಬಿತ್ತನೆ ಮುಗಿದು ಹೋಗಿತ್ತು. ಗೊಬ್ಬರ ಉದ್ರಿಯಲ್ಲೇ ಬಂದಿತ್ತು.

ಗಟ್ ನಂಬರ್ 112

ಗಟ್ಟಿಯಾದ ಗಂಟು ಇದ್ದದ್ದು ಮೊದಲ ಸಾಲಿನಲ್ಲಿ. ಜಮೀನಿನದು.

ಇಡೀ ಮಹಾರಾಷ್ಟ್ರದ ಸಾತಬಾರಾ ನೋಡಿಕೊಳ್ಳುವ ಜಮಾಬಂದಿ ಆಯುಕ್ತರ ಕಚೇರಿ ನಮ್ಮ ಪುಣೆಯಲ್ಲೇ ಇದೆ. ಕೃಷಿ ಆಯುಕ್ತರ ಕಚೇರಿಯೂ ಇಲ್ಲೇ. ನಾನು ಬಸ್ಸಿನಲ್ಲಿ ಆ ಕಡೆ ಎಷ್ಟು ಸಲ ಓಡಾಡಿದ್ದೇನೋ. ಆದರೆ ಕಾಕಾನ ಕಾಗದ ಸರಿಯಾಗಬೇಕಾದದ್ದು 250 ಕಿಲೋಮೀಟರ್‌ಗಿಂತ ದೂರದ ಊರಿನಲ್ಲಿ, ತಲಾಠಿಯ, ಅಂದರೆ ಗ್ರಾಮ ಲೆಕ್ಕಿಗರ, ಮೇಜಿನ ಮೇಲೆ. ಸಂಜೆ ಹುತಾತ್ಮಾ ಎಕ್ಸ್‌ಪ್ರೆಸ್ ಹಿಡಿದು ಸೊಲ್ಲಾಪುರಕ್ಕೆ ಹೋದೆವು. ರಾತ್ರಿ ನೆಂಟರ ಮನೆ, ಬೆಳಿಗ್ಗೆ ಎಸ್‌ಟಿ ಬಸ್ಸು.

ತಲಾಠಿ ಒಳ್ಳೆಯ ಮನುಷ್ಯ. ನಾಲ್ಕು ಊರು ನೋಡಿಕೊಳ್ಳಬೇಕು. ಪಂಚನಾಮೆ ಅಂತ ಒಂದು ಕಡೆ, ಪೀಕ ಪಹಣಿ (ಬೆಳೆ ಸಮೀಕ್ಷೆ) ಅಂತ ಇನ್ನೊಂದು ಕಡೆ. ಆಗ ಪಿಎಂ-ಕಿಸಾನ್ ಕೆಲಸ ಕಂದಾಯ ಇಲಾಖೆಯದೋ ಕೃಷಿ ಇಲಾಖೆಯದೋ ಅನ್ನುವ ಜಗ್ಗಾಟ ಬೇರೆ ನಡೆದಿತ್ತು. ಆದರೂ ಕೂರಿಸಿ, ಪರದೆ ನಮ್ಮ ಕಡೆ ತಿರುಗಿಸಿ ತೋರಿಸಿದರು.

2019ರಲ್ಲಿ ಕಾಕಾನ ಹೆಸರು ದಾಖಲಾದದ್ದು ಗಟ್ ನಂಬರ್ 112ರ ಮೇಲೆ. ಆಗ ಅದು ಅಪ್ಪ, ಕಾಕಾ ಇಬ್ಬರ ಸಾಮಾಯಿಕ ಖಾತೆ. ಅಪ್ಪ ತೀರಿಕೊಂಡ ಮೇಲೆ ವಾರಸಾ ನೋಂದಣಿ ಆಯಿತು, 2020ರಲ್ಲಿ ಪಾಲು ಆಯಿತು. 112/1 ಅವ್ವನ ಹೆಸರಿಗೆ, 112/2 ಕಾಕಾನ ಹೆಸರಿಗೆ. ಫೇರಫಾರ್, ಅಂದರೆ ಹಕ್ಕು ಬದಲಾವಣೆಯ ದಾಖಲೆ, ಸರಿಯಾಗಿ ಬಿದ್ದಿತ್ತು, ಕಾನೂನಿನಲ್ಲಿ ಎಲ್ಲೂ ತಪ್ಪಿಲ್ಲ. ಯೋಜನೆಯ ನಿಯಮದಲ್ಲೂ ತೊಂದರೆ ಇಲ್ಲ. 2019ರ ಫೆಬ್ರವರಿ 1ರಂದು ಹೆಸರಲ್ಲಿ ಜಮೀನು ಇರಬೇಕು ಅನ್ನುವುದು ನಿಯಮ, ಕಾಕಾನ ಹೆಸರಲ್ಲಿ ಇತ್ತು. ಆದರೆ ಯೋಜನೆಯ ಪಟ್ಟಿ ಇನ್ನೂ ಹಳೆಯ 112 ಹಿಡಿದುಕೊಂಡು ಕೂತಿತ್ತು. ಭೂದಾಖಲೆಯಲ್ಲಿ ಬರೀ 112 ಅನ್ನುವ ಗಟ್ಟೇ ಈಗ ಇಲ್ಲ. ಎರಡೂ ಕಂಪ್ಯೂಟರ್ ನಿಜವನ್ನೇ ಹೇಳುತ್ತಿದ್ದವು. ಒಂದು 2019ರ ನಿಜ, ಇನ್ನೊಂದು 2020ರ ನಿಜ. ಎರಡೂ ತಮ್ಮೊಳಗೆ ಮಾತಾಡುತ್ತಿರಲಿಲ್ಲ.

ಸರಿ, ಹೊಸ ನಂಬರು ಹಾಕಿ ಅಂದೆ. ಅಲ್ಲಿ ಎರಡನೇ ಗಂಟು.

“ದೋನ್ ಶರಣಾಪ್ಪಾ ಆಹೇತ ತಾಯಿ,” ಅಂದರು ತಲಾಠಿ. ಇಬ್ಬರು ಶರಣಪ್ಪ ಇದ್ದಾರೆ.

ಕಾಕಾನ ಹೆಸರನ್ನು ಇಲ್ಲಿ ಬದಲಿಸಿದ್ದೇನೆ. ಕಾಗುಣಿತದ ತೊಡಕು ಮಾತ್ರ ಇದ್ದದ್ದು ಇದ್ದ ಹಾಗೆ. ಹೆಸರು ಶರಣಪ್ಪ ಅಂತ ಇಟ್ಟುಕೊಳ್ಳಿ, ಅವರ ಅಪ್ಪನ ಹೆಸರು ವೀರಪ್ಪ. ನಮ್ಮ ಕಡೆ ವೀರಪ್ಪ ಬಾಯಲ್ಲಿ ಈರಪ್ಪ ಆಗುತ್ತಾನೆ, ವೀರಣ್ಣ ಈರಣ್ಣ ಆಗುತ್ತಾನೆ. ಅಜ್ಜನ ಕಾಲದ ತಲಾಠಿ ಕೇಳಿದ್ದನ್ನು ಮರಾಠಿಯಲ್ಲಿ ಬರೆದುಕೊಂಡ. ಮರಾಠಿಯಲ್ಲಿ ಹೆಸರಿನ ಕೊನೆಯ ಅಕ್ಷರ ದೀರ್ಘ. ನಡುವೆಯೂ ಒಮ್ಮೊಮ್ಮೆ ಎಳೆಯುತ್ತಾರೆ. ಹೀಗೆ ಸಾತಬಾರಾದಲ್ಲಿ ಇವರು ಶರಣಾಪ್ಪಾ ಇರಾಪ್ಪಾ. ಆಧಾರ್‌ನಲ್ಲಿ ಶರಣಪ್ಪ ವೀರಪ್ಪ, ಅದು ಇಂಗ್ಲಿಷ್ ಅಕ್ಷರದಲ್ಲಿ. ಬ್ಯಾಂಕ್ ಪಾಸ್‌ಬುಕ್‌ನಲ್ಲೂ ಇಂಗ್ಲಿಷೇ, ಆದರೆ ಅಲ್ಲಿ ‘ರ’ ಮತ್ತು ‘ಣ’ ನಡುವೆ ಇರಬೇಕಾದ ಒಂದು ‘ಎ’ ಇಲ್ಲ. ಹಾಗಾಗಿ ಅಲ್ಲಿ ಅವರು ಶರ್ಣಪ್ಪ. ಒಬ್ಬ ಮನುಷ್ಯ, ಮೂರು ಕಾಗದ, ಮೂರು ಹೆಸರು. ಊರಲ್ಲಿ ಇನ್ನೊಬ್ಬ ಶರಣಪ್ಪ ಇದ್ದಾರೆ, ಅವರ ಅಪ್ಪನೂ ಈರಪ್ಪ. ಕೂಗಿ ಕರೆದರೆ ಯಾರನ್ನು ಕರೆದರು ಅಂತ ಊರವರಿಗೆ ಗೊತ್ತಾಗುತ್ತದೆ. ಕಂಪ್ಯೂಟರ್‌ಗೆ ಗೊತ್ತಾಗುವುದಿಲ್ಲ. ತಪ್ಪು ಶರಣಪ್ಪನಿಗೆ ಜೋಡಿಸಿದರೆ ನಾಳೆ ವಿಚಾರಣೆ ನನ್ನ ತಲೆಗೆ ಅಂತ ತಲಾಠಿ ಎರಡನ್ನೂ ಮುಟ್ಟದೆ ಬಿಟ್ಟಿದ್ದರು. ಅವರ ಜಾಗದಲ್ಲಿ ನಾನಿದ್ದರೂ ಬಿಡುತ್ತಿದ್ದೆ.

“ನನ್ನ ಹೆಸರಾಗ ಏನ ತಪ್ಪೈತಿ ಯವ್ವಾ?” ಅಂತ ಕಾಕಾ ಹೊರಗೆ ಬೇವಿನ ಗಿಡದ ಕೆಳಗೆ ಕೂತು ಕೇಳಿದರು. “ನಮ್ಮಪ್ಪ ಇಟ್ಟಿದ್ದು.”

ಏನೂ ತಪ್ಪಿಲ್ಲ ಅಂದೆ. ಹಾಗಾದರೆ ತಿದ್ದುಪಡಿಗೆ ಅರ್ಜಿ ಯಾಕೆ ಅಂತ ಅವರು ಕೇಳಲಿಲ್ಲ. ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಹಾರಾಷ್ಟ್ರದ ಭೂ ಕಂದಾಯ ಕಾಯ್ದೆಯ 155ನೇ ಕಲಮಿನಲ್ಲಿ ಬರವಣಿಗೆಯ ತಪ್ಪು ತಿದ್ದಲು ಅವಕಾಶ ಇದೆ. ತಹಸೀಲ್ದಾರರಿಗೆ ಅರ್ಜಿ ಕೊಡಬೇಕು. ಹಳೆಯ ಫೇರಫಾರ್ ನಕಲು, ಆಧಾರ್, ಶಾಲೆ ದಾಖಲೆ ಇದ್ದರೆ ಅದು, ಒಂದು ಪ್ರತಿಜ್ಞಾಪತ್ರ. ಆಗಸ್ಟ್‌ನಲ್ಲಿ ಕೊಟ್ಟೆವು. ಆದೇಶ ಬಂದದ್ದು ಡಿಸೆಂಬರ್‌ನಲ್ಲಿ. ನಡುವೆ ಕಾಕಾ ಐದು ಸಲ ತಾಲೂಕಿಗೆ ಓಡಾಡಿದರು. ಒಂದೊಂದು ಸಲಕ್ಕೂ ಒಂದು ದಿನದ ಕೂಲಿ, ಬಸ್ ಚಾರ್ಜು, ಜೆರಾಕ್ಸ್, ಚಹಾ. ಹಳೆಯ ಡೈರಿಯ ಹಿಂದಿನ ಪುಟದಲ್ಲಿ ಎಲ್ಲ ಬರೆದಿಟ್ಟಿದ್ದಾರೆ. ನನ್ನ ರೈಲಿನ ಖರ್ಚು ಬಿಟ್ಟು 2,340 ರೂಪಾಯಿ. ಒಂದು ಕಂತಿಗಿಂತ ಜಾಸ್ತಿ.

ಈ ನಡುವೆ ಇನ್ನೊಂದು ಪೆಟ್ಟು ಬಿತ್ತು. ಮಹಾರಾಷ್ಟ್ರ ಸರ್ಕಾರ ತನ್ನ ಕಡೆಯಿಂದಲೂ ವರ್ಷಕ್ಕೆ 6,000 ಕೊಡುವ ನಮೋ ಶೇತಕರಿ ಮಹಾಸನ್ಮಾನ ನಿಧಿ ಶುರು ಮಾಡಿತು. 2023ರ ಅಕ್ಟೋಬರ್ 26ರಂದು ಶಿರಡಿಯಲ್ಲಿ ಮೊದಲ ಕಂತು. ಇದಕ್ಕೆ ಬೇರೆ ಅರ್ಜಿ ಬೇಕಿಲ್ಲ, ಪಿಎಂ-ಕಿಸಾನ್ ಪಟ್ಟಿಯನ್ನೇ ತೆಗೆದುಕೊಳ್ಳುತ್ತಾರೆ. ಒಳ್ಳೆಯ ಯೋಚನೆ. ರೈತ ಮತ್ತೆ ಸಾಲಲ್ಲಿ ನಿಲ್ಲಬೇಕಿಲ್ಲ. ಆದರೆ ಒಂದು ಪಟ್ಟಿಯಲ್ಲಿ “ಇಲ್ಲ” ಆದವನು ಇನ್ನೊಂದರಲ್ಲೂ ತಾನಾಗಿಯೇ “ಇಲ್ಲ” ಆಗುತ್ತಾನೆ. ಒಂದು ಕಂಪ್ಯೂಟರಿನ ತಪ್ಪು ಎರಡು ಸರ್ಕಾರದ ಹಣ ತಡೆಯಿತು.

ಹಣ ಹೋಯಿತು, ಬರಲಿಲ್ಲ

ಜನವರಿಯಲ್ಲಿ ಮೊದಲ ಸಾಲೂ “ಹೌದು” ಆಯಿತು. ಮೂರಕ್ಕೆ ಮೂರೂ ಹೌದು. 2024ರ ಫೆಬ್ರವರಿ 28, ಯವತಮಾಳದಲ್ಲಿ 16ನೇ ಕಂತು. ಅದೇ ವೇದಿಕೆಯಿಂದ ರಾಜ್ಯದ ಎರಡನೇ, ಮೂರನೇ ಕಂತೂ ಬಿಡುಗಡೆ ಆಯಿತು. ಮಹಾರಾಷ್ಟ್ರದ ರೈತರಿಗೆ ಒಂದೇ ದಿನ 6,000. ಕೆಲವು ದಿನ ಬಿಟ್ಟು ಪೋರ್ಟಲ್ ತೆರೆದೆ. 16ನೇ ಕಂತು ಪಾವತಿ ಆಗಿದೆ ಅಂತ ಇತ್ತು. ಊರಿಗೆ ಫೋನ್ ಮಾಡಿದೆ. ಕಾಕಾ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಪ್ರಿಂಟ್ ಹಾಕಿಸಿ ಬಂದರು. ಏನೂ ಇಲ್ಲ.

ಮೂರನೇ ಸಾಲು, ಮೊದಲಿನಿಂದ “ಹೌದು” ಇದ್ದದ್ದು, ಅಲ್ಲೇ ಇತ್ತು ತೊಡಕು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ತುಂಬ ಜನ ಎಡವುತ್ತಾರೆ. ಹಣ ಹೋಗುವ ದಾರಿ ಹೀಗಿದೆ. ರಾಜ್ಯದ ನೋಡಲ್ ಅಧಿಕಾರಿ ಪಟ್ಟಿಗೆ ಸಹಿ ಹಾಕಿ ಹಣ ಕೇಳುತ್ತಾರೆ. ಕೇಂದ್ರದ ಕೃಷಿ ಸಚಿವಾಲಯ ಪಾವತಿ ಆದೇಶ ಹೊರಡಿಸುತ್ತದೆ. ಪಿಎಫ್‌ಎಂಎಸ್ ಅನ್ನುವ ಸರ್ಕಾರದ ಪಾವತಿ ವ್ಯವಸ್ಥೆ ಅದನ್ನು ಬ್ಯಾಂಕಿಗೆ ಕಳಿಸುತ್ತದೆ. ಶುರುವಿನ ಕಂತುಗಳು ಖಾತೆ ನಂಬರ್ ನೋಡಿಕೊಂಡು ಹೋಗುತ್ತಿದ್ದವು. ಆಮೇಲೆ ಆಧಾರ್ ನಂಬರ್ ನೋಡಿಕೊಂಡು ಹೋಗತೊಡಗಿದವು. ಯಾವ ಆಧಾರ್‌ಗೆ ಯಾವ ಬ್ಯಾಂಕು ಅನ್ನುವ ಒಂದು ನಕ್ಷೆ, ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಎನ್‌ಪಿಸಿಐ ಸಂಸ್ಥೆಯ ಹತ್ತಿರ ಇರುತ್ತದೆ. ಒಂದು ಆಧಾರ್‌ಗೆ ಒಂದೇ ಬ್ಯಾಂಕು. ನೀವು ಕೊನೆಯದಾಗಿ ಯಾವ ಬ್ಯಾಂಕಿಗೆ ಒಪ್ಪಿಗೆ ಕೊಟ್ಟಿರೋ ಅದು. ಖಾತೆಗೆ ಆಧಾರ್ ಲಿಂಕ್ ಮಾಡಿಸಿದ್ದೀನಿ ಅಂತ ಎಲ್ಲರೂ ಹೇಳುತ್ತಾರೆ. ಲಿಂಕ್ ಎಷ್ಟು ಖಾತೆಗೆ ಬೇಕಾದರೂ ಇರಬಹುದು. ಹಣ ಬರುವುದು ನಕ್ಷೆಯಲ್ಲಿ ಇರುವ ಒಂದು ಬ್ಯಾಂಕಿಗೆ ಮಾತ್ರ.

ಅಷ್ಟರಲ್ಲಿ ಕಾಕಾನ ಆಧಾರ್‌ಗೆ ಹೊಸ ಮೊಬೈಲ್ ನಂಬರು ಸೇರಿತ್ತು. ಆಧಾರ್‌ನ ವೆಬ್‌ಸೈಟಿನಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡಿದೆ. ಕಾಕಾ ಹೆಸರೇ ಕೇಳದ ಒಂದು ಖಾತೆ! ಎಂದೋ ಸಿಮ್ ಪರಿಶೀಲನೆಗೆ ಬೆರಳು ಒತ್ತಿಸಿಕೊಂಡ ಅಂಗಡಿಯವನು ತೆರೆದಿದ್ದ ಮೊಬೈಲ್ ಬ್ಯಾಂಕ್ ಖಾತೆ. ಹಣ ಅಲ್ಲಿ ಸುಮ್ಮನೆ ಕೂತಿತ್ತು. ಕಳೆದಿರಲಿಲ್ಲ, ಅದೊಂದು ಪುಣ್ಯ. ಅದನ್ನು ತೆಗೆಸಿ, ಜೋಡಣೆಯನ್ನು ಊರಿನ ಬ್ಯಾಂಕಿಗೆ ಬದಲಿಸಲು ಇನ್ನೊಂದು ಅರ್ಜಿ, ಇನ್ನೆರಡು ವಾರ.

ಪೋರ್ಟಲ್‌ನ ಆ ಮೂರನೇ ಸಾಲಿನಲ್ಲಿ “ಹೌದು” ಪಕ್ಕದಲ್ಲಿ ಬ್ಯಾಂಕಿನ ಹೆಸರೊಂದನ್ನು ಬರೆದಿದ್ದರೆ ಕಾಕಾ ಮೊದಲ ದಿನವೇ “ಇದು ನಂದಲ್ಲ” ಅನ್ನುತ್ತಿದ್ದರು.

ಹಿಂದಿನ ನಾಲ್ಕು ಕಂತು ಆಮೇಲೆ ಬಂದವು, ಒಟ್ಟಿಗೆ ಅಲ್ಲ, ಒಂದೊಂದಾಗಿ. ಯೋಜನೆಯ ನಿಯಮ ಇಲ್ಲಿ ರೈತನ ಪರವಾಗಿದೆ. ಅರ್ಹನಾದವನ ಹಣ ಬೇರೆ ಕಾರಣಕ್ಕೆ ತಡವಾದರೆ, ಕಾರಣ ಸರಿಯಾದ ಮೇಲೆ ಬಾಕಿ ಎಲ್ಲ ಸಿಗಬೇಕು. ಸಿಕ್ಕಿತು. ಕಾಕಾ ಗೊಬ್ಬರದ ಅಂಗಡಿಯ ಉದ್ರಿ ತೀರಿಸಿದರು.

ಬೇರೆಯವರ ದಾರಿ

ಇದೆಲ್ಲ ನಡೆಯುವಾಗ ನಮ್ಮ ಅತ್ತಿ, ಅಂದರೆ ಅಪ್ಪನ ತಂಗಿ, ನೆನಪಾಗುತ್ತಿದ್ದರು. ಅವರನ್ನು ಕೊಟ್ಟದ್ದು ಗಡಿ ದಾಟಿ ಆಳಂದ ಕಡೆ. ಕರ್ನಾಟಕದಲ್ಲಿ ಫ್ರೂಟ್ಸ್ ಅನ್ನುವ ವ್ಯವಸ್ಥೆ ಇದೆ. ರೈತನಿಗೆ ಒಂದು ಎಫ್‌ಐಡಿ ಸಂಖ್ಯೆ. ಅದರ ಹಿಂದೆ ಆಧಾರ್, ಪಹಣಿ, ಬ್ಯಾಂಕು. ರೈತ ಸಂಪರ್ಕ ಕೇಂದ್ರದಲ್ಲಿ ಬೀಜಕ್ಕೂ ಅದೇ ನಂಬರು, ಬೆಂಬಲ ಬೆಲೆಗೆ ತೊಗರಿ ಮಾರುವಾಗಲೂ ಅದೇ. ಅಲ್ಲಿ ಹೆಸರಿನ ತಪ್ಪು ಇಲ್ಲವೇ ಇಲ್ಲ ಅಂತಲ್ಲ, ಇದೆ. ಆದರೆ ಅಡಿಪಾಯ ಹಳೆಯದು. ಭೂಮಿ ಯೋಜನೆಯಲ್ಲಿ 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಮೊದಲು ಕಂಪ್ಯೂಟರಿಗೆ ಹಾಕಿ, ಕೈಬರಹದ ಪಹಣಿ ನಡೆಯುವುದಿಲ್ಲ ಅಂತ ಮಾಡಿದರು. ಯೋಜನೆಗಳು ಅದರ ಮೇಲೆ ಬಂದು ಕೂತವು. ದಾಖಲೆ ಮೊದಲು, ಹಣ ಆಮೇಲೆ. ಪಿಎಂ-ಕಿಸಾನ್‌ನಲ್ಲಿ ಹಣ ಮೊದಲು ಹೋಯಿತು, ದಾಖಲೆಯನ್ನು ಆಮೇಲೆ ಹುಡುಕಬೇಕಾಯಿತು.

ಮಹಾರಾಷ್ಟ್ರವೇ ಕಲಿತ ಒಂದು ಪಾಠ ಇದೆ, ಅದನ್ನು ಹೇಳಲೇಬೇಕು. 2017ರಲ್ಲಿ 34,000 ಕೋಟಿಯ ಸಾಲಮನ್ನಾ ಬಂತು. ರೈತರು ಆನ್‌ಲೈನ್ ಫಾರಂ ತುಂಬಬೇಕಿತ್ತು. ಬ್ಯಾಂಕುಗಳ ಮಾಹಿತಿಗೂ ಫಾರಂಗೂ ತಾಳೆ ಆಗದೆ ಪಟ್ಟಿಗಳು ತಪ್ಪಿದವು, ತಿಂಗಳುಗಟ್ಟಲೆ ತಡವಾಯಿತು. 2019ರ ಡಿಸೆಂಬರ್‌ನಲ್ಲಿ ಘೋಷಿಸಿದ ಮಹಾತ್ಮಾ ಜ್ಯೋತಿರಾವ್ ಫುಲೆ ಕರ್ಜಮುಕ್ತಿ ಯೋಜನೆಯಲ್ಲಿ ಇದನ್ನು ತಿರುಗಿಸಿ ಹಾಕಿದರು. ರೈತ ಫಾರಂ ತುಂಬುವುದು ಬೇಡ. ಬ್ಯಾಂಕಿನ ಪಟ್ಟಿಯೇ ಊರಿಗೆ ಬರುತ್ತದೆ. ರೈತ ಹೋಗಿ ಆಧಾರ್ ತೋರಿಸಿ, ಸಾಲದ ಮೊತ್ತ ಸರಿ ಇದೆ ಅಥವಾ ಇಲ್ಲ ಅಂತ ಹೇಳಿದರೆ ಆಯಿತು. ಕೆಲಸದ ಭಾರ ರೈತನಿಂದ ಕಚೇರಿಗೆ ಹೋಯಿತು. ನನ್ನ ಕಣ್ಣಲ್ಲಿ ಆಧುನೀಕರಣ ಅಂದರೆ ಇದು. ಹೊಸ ಬಣ್ಣದ ಪೋರ್ಟಲ್ ಅಲ್ಲ.

ಬಡ ದೇಶ, ಹಾಗಾಗಿ ಹೀಗೆ ಅನ್ನುವವರಿಗೆ ಅಮೆರಿಕದ್ದೂ ಒಂದು ಮಾತು. ಅಲ್ಲಿಯ ಕೃಷಿ ಇಲಾಖೆ ರೈತರಿಗೆ ಸಹಾಯಧನ ಕೊಡುವ ತನ್ನ ಹಳೆಯ ಕಂಪ್ಯೂಟರ್‌ಗಳನ್ನು ಬದಲಿಸಲು 2004ರಲ್ಲಿ ಮೈಡಾಸ್ ಅನ್ನುವ ಯೋಜನೆ ಹಿಡಿಯಿತು. ಎಲ್ಲವನ್ನೂ ಒಂದೇ ದೊಡ್ಡ ವ್ಯವಸ್ಥೆಗೆ ತರುವ ಆಸೆ. ಹತ್ತು ವರ್ಷ, 42 ಕೋಟಿ ಡಾಲರ್‌ಗೂ ಹೆಚ್ಚು ಖರ್ಚು. ಆಗಿದ್ದು ಅಂದುಕೊಂಡದ್ದರಲ್ಲಿ ನೂರಕ್ಕೆ ಸುಮಾರು 20 ಭಾಗ. 2014ರಲ್ಲಿ ನಿಲ್ಲಿಸಿಬಿಟ್ಟರು.

ನನಗೆ ಅಧಿಕಾರ ಇದ್ದರೆ ದೊಡ್ಡದನ್ನು ಕೇಳುವುದಿಲ್ಲ. ಪ್ರತಿ “ಇಲ್ಲ” ಪಕ್ಕದಲ್ಲಿ ಒಂದು ವಾಕ್ಯ ಬರೆಸುತ್ತೇನೆ. “ಗಟ್ 112 ಈಗ 112/1, 112/2 ಆಗಿದೆ, ನಿಮ್ಮ ತಲಾಠಿ ಕಚೇರಿಯಲ್ಲಿ ವಿಚಾರಿಸಿ” ಅಂತ. ಆ ಮಾಹಿತಿ ಭೂದಾಖಲೆಯ ಕಂಪ್ಯೂಟರ್‌ನಲ್ಲಿ ಆಗಲೇ ಇತ್ತು. ಇನ್ನೊಂದು, ವರ್ಷಗಟ್ಟಲೆ ಹಣ ಪಡೆಯುತ್ತಿದ್ದವನ ಕಂತು ನಿಲ್ಲಿಸುವ ಮೊದಲು ಒಂದು ಕಾಗದ ಕಳಿಸಿ, ಒಂದು ಕಂತಿನಷ್ಟು ಕಾಲ ಕೊಡುತ್ತೇನೆ. ಅನರ್ಹರಿಗೆ ಆ ಒಂದು ಕಂತು ಹೋಗಬಹುದು, ನಿಜ. ಅದನ್ನು ವಸೂಲಿ ಮಾಡಬಹುದು. ಬಿತ್ತನೆಯ ಹೊತ್ತಿಗೆ ಸಿಗದ ಗೊಬ್ಬರವನ್ನು ಆಮೇಲೆ ಕೊಟ್ಟರೆ ಏನು ಬಂತು? ಮೂರನೆಯದು ಹೆಸರು. ಸೊಲ್ಲಾಪುರ, ಸಾಂಗಲಿಯ ಗಡಿ ಊರುಗಳಲ್ಲಿ ಕನ್ನಡದ ಹೆಸರು ಮರಾಠಿಗೆ ಹೋಗಿ ಇಂಗ್ಲಿಷಿಗೆ ಬರುವಾಗ ಹೇಗೆ ಬದಲಾಗುತ್ತದೆ ಅನ್ನುವುದಕ್ಕೆ ಒಂದು ರೀತಿ ಇದೆ. ವೀ ಹೋಗಿ ಈ ಆಗುತ್ತದೆ, ಪ್ಪ ಹೋಗಿ ಪ್ಪಾ ಆಗುತ್ತದೆ. ಇದನ್ನು ಸಾಫ್ಟ್‌ವೇರ್‌ಗೆ ಕಲಿಸುವುದು ಕಷ್ಟವಲ್ಲ. ನಮ್ಮ ಊರಿನ ಒಬ್ಬ ಮೇಷ್ಟ್ರನ್ನು ಅರ್ಧ ದಿನ ಕೂರಿಸಿಕೊಂಡರೆ ಪಟ್ಟಿ ಬರೆದು ಕೊಡುತ್ತಾರೆ.

ಮತ್ತೆ ಒಂದು ನೋಂದಣಿ

2024ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 2,817 ಕೋಟಿಯ ಡಿಜಿಟಲ್ ಕೃಷಿ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ರೈತನ ಗುರುತು, ಊರಿನ ನಕ್ಷೆ, ಬಿತ್ತಿದ ಬೆಳೆ, ಮೂರನ್ನೂ ಜೋಡಿಸುವ ಕೆಲಸ. ಮಹಾರಾಷ್ಟ್ರದಲ್ಲಿ 2025ರ ಏಪ್ರಿಲ್ 15ರಿಂದ ಕೃಷಿ ಇಲಾಖೆಯ ಯೋಜನೆಗಳಿಗೆ ರೈತ ಗುರುತಿನ ಸಂಖ್ಯೆ ಕಡ್ಡಾಯ. ಇದರಲ್ಲಿ ರೈತನ ಹೆಸರು ಭೂದಾಖಲೆಗೇ ನೇರವಾಗಿ ಜೋಡಣೆ ಆಗುತ್ತದೆ. ಪಾಲಾದರೆ, ಗಟ್ ಬದಲಾದರೆ ಅದೂ ತಾನಾಗಿ ಬದಲಾಗಬೇಕು ಅನ್ನುವುದು ಉದ್ದೇಶ. ಹಾಗೆ ಆದರೆ ಕಾಕಾನಂಥವರ ಮೊದಲ ಸಾಲು ಮುಂದೆ ಯಾವತ್ತೂ “ಇಲ್ಲ” ಆಗಬಾರದು.

ಕಾಕಾ ತಾವಾಗಿಯೇ ಹೋಗಿ ಮಾಡಿಸುತ್ತೇನೆ ಅಂದರು. ಆದರೂ ನಾನು ಶನಿವಾರದ ರೈಲು ಹಿಡಿದೆ. ಊರಿನ ಸೇವಾ ಕೇಂದ್ರ, ಒಂದು ಫ್ಯಾನು, ಹೊರಗೆ ಹನ್ನೆರಡು ಜನ. ಹುಡುಗ ಆಧಾರ್ ನಂಬರು ಹಾಕಿದ. ಹೆಸರು ಬಂತು. ಸಾತಬಾರಾ ಎಳೆದ. ಎರಡೂ ಹೆಸರು ಅಕ್ಕಪಕ್ಕ ಬಂದವು.

“ತಡಿ,” ಅಂದರು ಕಾಕಾ.

ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಮೇಜಿನ ಮೇಲೆ ಕೈ ಊರಿ ಪರದೆಗೆ ಬಗ್ಗಿದರು. ಮರಾಠಿ ಅಕ್ಷರಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದರು. ಶ, ರ, ಣ, ಪ್ಪಾ. ನಿಂತು ಇನ್ನೊಂದು ಹೆಸರು ಓದಿದರು. ವೀ, ರ, ಪ್ಪಾ. ಆಮೇಲೆ ಕೆಳಗಿನ ಸಾಲಿಗೆ ಬೆರಳಿಟ್ಟು 112/2 ಅನ್ನುವುದನ್ನು ಎರಡು ಸಲ ನೋಡಿದರು. ಹಿಂದೆ ನಿಂತಿದ್ದವರು ಯಾರೂ ಅವಸರ ಮಾಡಲಿಲ್ಲ.

ನನ್ನ ಕಡೆ ತಿರುಗಿ, “ಬ್ಯಾಂಕಿಂದೂ ತೋರಸಾಕ ಹೇಳು,” ಅಂದರು.

ಹುಡುಗ ಅದು ಬೇರೆ ಕಡೆ ನೋಡಬೇಕು ಅಂದ. ಸರಿ, ಅಲ್ಲಿ ನೋಡು ಅಂದರು ಕಾಕಾ. ಅವನು ಇನ್ನೊಂದು ಕಿಟಕಿ ತೆರೆದು ಬ್ಯಾಂಕಿನ ಹೆಸರು ಓದಿ ಹೇಳಿದ. ಊರಿನ ಬ್ಯಾಂಕೇ. ಆಗ ಕಾಕಾ ಫೋನ್ ತೆಗೆದು ಒಟಿಪಿಯ ಆರು ಅಂಕಿ ನಿಧಾನವಾಗಿ ಹೇಳಿದರು.